ಬಾಣಂತನ ಮುಗಿದ ಮೇಲೆ ಬರುವ ತಲೆನೋವು

ಹೆರಿಗೆಯಾಗಿ ನಾಲ್ಕೈದು ತಿಂಗಳಾದ ಸಿರುಗುಪ್ಪದ ಹೆಣ್ಣುಮಗಳೊಬ್ಬಳಿಗೆ ಬಿಡದ ತಲೆನೋವು, ವಾಂತಿ, ಕೊನೆಗೆ ಫಿಟ್ಸ್ ಬಂತೆನ್ನಿ. ಮನೆಯ ಹಿರಿಯರು ಬಾಣಂತಿ ಸನ್ನಿ ಎಂದಾರು. ಬಳ್ಳಾರಿಗೆ ಕರೆತಂದು ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವ. ಅದಕ್ಕೆ ಕಾರಣಗಳು ಹಲವು. ತೀರಾ ಅಪರೂಪದ್ದು ಕೊರಿಯೊಕಾರ್ಸಿನೋಮಾ, ಮಾಸಿನ ಜೀವಕೋಶಗಳಿಂದ ಹುಟ್ಟುವ ಕ್ಯಾನ್ಸರ್. ದ್ರಾಕ್ಷಿ ಗೊಂಚಲಿನಂತೆ ಗುಳ್ಳೆಗುಳ್ಳೆಯಾಗಿ ಕೆಟ್ಟ ಗರ್ಭದ ನಂತರ, ಗರ್ಭಪಾತದ ನಂತರ, ಎಲ್ಲ ಸುಸೂತ್ರವಾದ ಹೆರಿಗೆಯ ನಂತರವೂ ಅದು ಬರಬಹುದು; ತಿಂಗಳುಗಳೇನು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ.

ತಾಯಿಯ ರಕ್ತನಾಳಕ್ಕೆ ನುಗ್ಗುವುದು ಮಾಸಿನ ಕೋಶಗಳ ಹುಟ್ಟುಗುಣ. ಅವೇ ಕೆಟ್ಟಾಗ ರಕ್ತದಲ್ಲಿ ಹರಿದು ಮೊದಲು ಶ್ವಾಸಕೋಶಕ್ಕೆ, ಕೆಲವರಲ್ಲಿ ಮೆದುಳಿಗೂ ಹೋಗುತ್ತವೆ. ಚುಚ್ಚಿ ತುಣುಕು ತೆಗೆದರೆ ರಕ್ತ ಸುರಿಯುವ ಅಪಾಯವಿರುವುದರಿಂದ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಶುರು ಮಾಡಬಹುದಾದ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೂ ಒಂದು. ಸುಳಿವು ಕೊಡುವುದು ಈ ಕೋಶಗಳು ಸ್ರವಿಸುವ ಎಚ್‌ಸಿಜಿ ಹಾರ್ಮೋನು. ಮೆಡಿಕಲ್ ಶಾಪಿನ ಗರ್ಭಪರೀಕ್ಷೆ ಕಿಟ್ ಮೂತ್ರದಲ್ಲಿ ಹುಡುಕುವುದೂ ಅದನ್ನೇ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬಾಣಂತಿಯರ ಸಾವನ್ನು ಎಣಿಸತೊಡಗಿತು. ಆ ಎಣಿಕೆ ಹೆರಿಗೆಯಾದ 42 ದಿನಕ್ಕೆ ನಿಲ್ಲುತ್ತದೆ. ಆಮೇಲೆ ಬರುವ ಈ ಕಾಯಿಲೆಗೆ ತಾಯಿ ಕಾರ್ಡಿನಲ್ಲಿ ಜಾಗವಿಲ್ಲ.

ಇದರ ಮದ್ದಿನ ಕಥೆಗೆ ನಮ್ಮ ನೆಲದ ನಂಟಿದೆ. 1928ರಲ್ಲಿ ಮುಂಬೈಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್ ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆಯ ಬೆನ್ನುಹತ್ತಿ, ಈಸ್ಟಿನ ಸಾರದಲ್ಲಿ ಅದನ್ನು ಗುಣಪಡಿಸುವ ಅಂಶವಿದೆಯೆಂದು ಕಂಡರು. ಅದೇ ಫೋಲಿಕ್ ಆಮ್ಲ. ಕುರುಗೋಡಿನಲ್ಲಿ ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವುದೂ ಅದೇ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿದ್ದಾಗ ಅವರ ತಂಡ ಅದನ್ನು ಕೃತಕವಾಗಿ ತಯಾರಿಸಿತು, ಅದಕ್ಕೆ ಅಡ್ಡಗಾಲು ಹಾಕುವ ಔಷಧಗಳನ್ನೂ ರೂಪಿಸಿತು. ಅವುಗಳಲ್ಲೊಂದಾದ ಮೆಥೊಟ್ರೆಕ್ಸೇಟ್‌ನಿಂದ ವೈದ್ಯರಾದ ಮಿನ್ ಚಿಯು ಲಿ ಮತ್ತು ರಾಯ್ ಹರ್ಟ್ಜ್ 1956ರಲ್ಲಿ ಮೈಗೆಲ್ಲ ಹರಡಿದ್ದ ಈ ಗಡ್ಡೆಗಳನ್ನು ಕರಗಿಸಿ ತೋರಿಸಿದರು. ಗಡ್ಡೆ ಮಾಯವಾದರೂ ಹಾರ್ಮೋನು ಪೂರ್ತಿ ಇಳಿಯುವವರೆಗೆ ಔಷಧ ನಿಲ್ಲಿಸಬಾರದೆಂಬುದು ಲಿ ಅವರ ಹಟ. ಅದಕ್ಕಾಗಿ ಕೆಲಸ ಹೋಯಿತು. 1972ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಬಂತು. ಆ ಹಟವೇ ಇಂದಿನ ಕ್ರಮ.

ಮೆದುಳಿಗೆ ಹೋದ ಕಾಯಿಲೆ ಸಹಜವಾಗಿಯೇ ಹೆಚ್ಚು ಅಪಾಯದ್ದು. ಅಲ್ಲಿಗೆ ತಲುಪಲೆಂದು ಮೆಥೊಟ್ರೆಕ್ಸೇಟ್ ಪ್ರಮಾಣ ಏರಿಸಿ, ಬೇರೆ ಔಷಧಗಳ ಜೊತೆ ಕೊಡುತ್ತಾರೆ. ಆ ಸ್ಥಿತಿಯಿಂದಲೂ ಗುಣವಾದವರಿದ್ದಾರೆ. ಈ ಕ್ಯಾನ್ಸರ್ ಗೆದ್ದು ಮತ್ತೆ ತಾಯಂದಿರಾದವರೂ ಬಹಳ. ತೊಡಕಿರುವುದು ಅದಕ್ಕೂ ಹಿಂದೆ. ಗೊಂಚಲು ಗರ್ಭ ತೆಗೆಸಿಕೊಂಡವಳು ಎಚ್‌ಸಿಜಿ ಇಳಿಯುವವರೆಗೆ ವಾರವಾರ, ಆಮೇಲೆ ಕೆಲವು ತಿಂಗಳು ರಕ್ತ ಕೊಡಬೇಕು. ಹೊಟ್ಟೆ ಕ್ಲೀನ್ ಆಯಿತಲ್ಲ ಎಂದು ಮನೆಯವರು, ಸುಗ್ಗಿಯ ಕೂಲಿ ತಪ್ಪೀತೆಂದು ಅವಳು, ಎರಡನೇ ವಾರಕ್ಕೇ ಬಸ್ಸು ಹತ್ತುವುದಿಲ್ಲ.

ಇನ್ನು ಫಿಟ್ಸ್ ಬಂದು ಮಲಗಿದವಳ ಪರವಾಗಿ ಕ್ಯಾಶುಯಲ್ಟಿಯಲ್ಲಿ ಉತ್ತರ ಕೊಡುವವರು ಅತ್ತೆ, ಗಂಡ. ಕದ್ದುಮುಚ್ಚಿ ನುಂಗಿದ ಗರ್ಭಪಾತದ ಮಾತ್ರೆಯ ವಿಷಯ ಅವರಿಗೂ ಗೊತ್ತಿರಲಿಕ್ಕಿಲ್ಲ. ಹೆರುವ ವಯಸ್ಸಿನ ಹೆಂಗಸಿಗೆ ಕಾರಣ ತಿಳಿಯದೆ ಮೆದುಳಲ್ಲಿ ರಕ್ತಸ್ರಾವವಾದರೆ, ಯಾರ ಹೇಳಿಕೆಗೂ ಕಾಯದೆ ಎಚ್‌ಸಿಜಿ ನೋಡಿಬಿಡುವುದು ಲೇಸು.