ಆ ಹುಡುಗನ ಹಣೆಯ ಮೇಲೆ ಬರೆಯಬೇಡಿ

ಉತ್ತರ ಇಂಗ್ಲೆಂಡಿನ ಕಾಲ್ಡರ್ ಕಣಿವೆ. ಮಕ್ಕಳ ಆಟದ ಜಾಗದಲ್ಲಿ ಒಬ್ಬ ಯುವಕ ಮೈಮೇಲೆ ಪೆಟ್ರೋಲ್ ಸುರಿದುಕೊಂಡು, ಲೈಟರ್ ಹಿಡಿದು ಕೂತಿದ್ದಾನೆ. ಪೊಲೀಸ್ ಸಾರ್ಜೆಂಟ್ ಕ್ಯಾಥರೀನ್ ಕೇವುಡ್ ಬೆಂಕಿ ಆರಿಸುವ ಸಿಲಿಂಡರ್ ಎತ್ತಿಕೊಂಡು ಅವನ ಮುಂದೆ ನಿಲ್ಲುತ್ತಾಳೆ. ಅವನನ್ನು ಮಾತಿಗೆಳೆಯಲು ತನ್ನ ಬದುಕನ್ನೇ ಬಿಚ್ಚಿಡುತ್ತಾಳೆ: ವಯಸ್ಸು 47, ಗಂಡ ಬಿಟ್ಟಿದ್ದಾನೆ, ಜೊತೆಗಿರುವ ಒಡಹುಟ್ಟಿದವಳು ಹೆರಾಯಿನ್ ಚಟದಿಂದ ಎದ್ದು ಬರುತ್ತಿರುವವಳು, ಮಗಳು ಸತ್ತಿದ್ದಾಳೆ, ಮಗ ಮಾತು ಬಿಟ್ಟಿದ್ದಾನೆ, ಒಬ್ಬ ಮೊಮ್ಮಗನಿದ್ದಾನೆ. ಸ್ಯಾಲಿ ವೇನ್‌ರೈಟ್ ಬರೆದ, 2014ರಲ್ಲಿ ಬಿಬಿಸಿಯಲ್ಲಿ ಶುರುವಾದ ‘ಹ್ಯಾಪಿ ವ್ಯಾಲಿ’ ಧಾರಾವಾಹಿ ತೆರೆದುಕೊಳ್ಳುವುದು ಹೀಗೆ.

ಆ ಮೊಮ್ಮಗ ರಯಾನ್. ಕ್ಯಾಥರೀನಳ ಮಗಳು ಬೆಕಿ ಅತ್ಯಾಚಾರಕ್ಕೆ ಒಳಗಾಗಿ ಅವನನ್ನು ಹೆತ್ತಳು, ಹಸಿ ಬಾಣಂತಿಯಾಗಿದ್ದಾಗಲೇ ಪ್ರಾಣ ಕಳೆದುಕೊಂಡಳು. ಆ ಕೂಸು ಮನೆಯಲ್ಲಿರುವುದನ್ನು ಕ್ಯಾಥರೀನಳ ಗಂಡ ಸಹಿಸಲಿಲ್ಲ. ಮಗನೂ ದೂರವಾದ. ಅವಳು ಕೂಸನ್ನು ಕೈಬಿಡಲಿಲ್ಲ. ಅಜ್ಜಿಯಾಗಿ ಮುದ್ದು ಮಾಡಿಕೊಂಡಿರಬೇಕಾದವಳು ಎರಡನೇ ಸಲ ತಾಯಿಯಾದಳು, ಈ ಸಲ ಒಂಟಿಯಾಗಿ.

ಅವಳು ಕ್ಷಮಯಾಧರಿತ್ರಿಯಲ್ಲ. ಬೈಯುತ್ತಾಳೆ, ಸಿಡಿಯುತ್ತಾಳೆ, ಎಷ್ಟೋ ಸಲ ತಪ್ಪುತ್ತಾಳೆ. ಶಾಲೆಯಲ್ಲಿ ರಯಾನ್ ರಂಪ ಮಾಡಿದರೆ ಇವನಲ್ಲಿ ಆ ಅತ್ಯಾಚಾರಿ ಅಪ್ಪನೇ ಎದ್ದು ಬರುತ್ತಿದ್ದಾನೇನೋ ಎಂದು ಒಳಗೊಳಗೇ ನಡುಗುತ್ತಾಳೆ. ಕ್ಯಾಥರೀನಳ ಪಾತ್ರ ಮಾಡಿರುವ ಸಾರಾ ಲ್ಯಾಂಕಾಶೈರ್ ಅವರ ಮುಖದಲ್ಲಿ ಆ ಭಯ ಹಾದುಹೋಗುವಾಗ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಹೊತ್ತು ಸಾಕಿದವಳಿಗೇ ಹೀಗಾದರೆ, ನೋಡುವ ಊರಿಗೆ ಏನಾಗಬೇಡ?

ಸರ್ಕಾರಗಳೂ ಆ ಊರಿನಂತೆಯೇ ನಡೆದುಕೊಂಡಿವೆ. ಬ್ರಿಟನ್ನಿನಲ್ಲಿ 2017ರ ಏಪ್ರಿಲ್‌ನಿಂದ ಮಕ್ಕಳ ನೆರವಿನ ಹಣವನ್ನು ಎರಡು ಮಕ್ಕಳಿಗೆ ಸೀಮಿತಗೊಳಿಸಿದರು. ವಿನಾಯಿತಿಗಳಲ್ಲಿ ಒಂದನ್ನು ಪಡೆಯಲು, ಮೂರನೇ ಮಗು ಬಲಾತ್ಕಾರದಿಂದ ಹುಟ್ಟಿದ್ದು ಎಂದು ತಾಯಿ ಅರ್ಜಿಯಲ್ಲಿ ಹೇಳಬೇಕಿತ್ತು. ಎರಡು ಹೊತ್ತಿನ ಊಟಕ್ಕಾಗಿ ಒಬ್ಬ ತಾಯಿ ತನ್ನ ಮಗುವಿನ ಮೇಲೆ ಆ ಪದ ಬರೆಯಬೇಕೆ? ಇದನ್ನು ಯೋಚಿಸಿದವರ ಮನೆಯಲ್ಲಿ ಮಕ್ಕಳಿರಲಿಲ್ಲವೆ? ಕೊನೆಗೆ, 2024ರ ಕಾಯ್ದೆಯೊಂದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಪರಾಧದಿಂದ ಹುಟ್ಟಿದವರನ್ನೂ ಸಂತ್ರಸ್ತರೆಂದು ಒಪ್ಪಿಕೊಂಡಿತು. ಅಷ್ಟು ಹೇಳಲು ಎಷ್ಟು ಕಾಲ ಬೇಕಾಯಿತು!

ನಮ್ಮ ಸುಪ್ರೀಂ ಕೋರ್ಟ್ ಕೂಡ 2015ರಲ್ಲಿ, ಅವಿವಾಹಿತ ತಾಯಿ ತಂದೆಯ ಹೆಸರು ಬಹಿರಂಗಪಡಿಸದೆ ಮಗುವಿನ ಪಾಲಕಿಯಾಗಬಹುದು ಎಂದಿತು. ಆದರೆ ಕೋರ್ಟಿನ ಆದೇಶ ನಮ್ಮ ಜಗಲಿಯ ಮಾತನ್ನು ನಿಲ್ಲಿಸೀತೆ? “ಯಾರ ಮಗ ಇವನು?” ಎಂದು ಕಣ್ಣು ಕಿರಿದು ಮಾಡುವುದು ನಾವೇ. ಆ ಮಗುವಿನ ಜೊತೆ ಸೇರಬೇಡ ಎಂದು ನಮ್ಮ ಮಕ್ಕಳ ಕೈ ಎಳೆದುಕೊಳ್ಳುವುದೂ ನಾವೇ. ದಯವಿಟ್ಟು ಇದನ್ನು ನಿಲ್ಲಿಸೋಣ.

ಧಾರಾವಾಹಿಯ 2023ರ ಕೊನೆಯ ಕಂತಿನಲ್ಲಿ, ಸೇಡು ಹೊತ್ತು ಕ್ಯಾಥರೀನಳ ಮನೆಗೆ ನುಗ್ಗಿದ ಆ ಅತ್ಯಾಚಾರಿ ಅಪ್ಪನ ಕೈಗೆ ಫೋಟೋ ಆಲ್ಬಮ್ ಸಿಗುತ್ತದೆ. ಪುಟ ತಿರುವಿದಂತೆಲ್ಲ ರಯಾನ್ ಬೆಳೆಯುತ್ತಾನೆ, ನಗುತ್ತಾನೆ. ತನ್ನ ಮಗ ಚೆನ್ನಾಗಿ ಬದುಕಿದ್ದಾನೆ ಎಂದು ಅವನಿಗೆ ತಿಳಿಯುವುದೇ ಆಗ. ಅಂಥವನ ಕಣ್ಣಿಗೆ ಕಂಡದ್ದು ನಮಗೇಕೆ ಕಾಣುತ್ತಿಲ್ಲ?

ನಿಮ್ಮ ಬೀದಿಯಲ್ಲೂ ಇಂಥ ಹುಡುಗನಿದ್ದರೆ ನಾಳೆಯೇ ಅವನ ಹೆಸರು ಹಿಡಿದು ಕರೆಯಿರಿ, ನಿಮ್ಮ ಮಕ್ಕಳ ಜೊತೆ ಆಟಕ್ಕೆ ಬಿಡಿ. ಸಂಜೆ ಅವನನ್ನು ಕರೆದೊಯ್ಯಲು ಬಂದ ಹೆಂಗಸು ಬಾಗಿಲಲ್ಲೇ ನಿಂತರೆ, ಒಳಗೆ ಕರೆದು ಕೂರಿಸಿ, ಕಾಫಿ ಕೊಡಿ.