ಫೋಟೊ ಆಯ್ತು, ಮತ್ತೆ ಯಾವಾಗ ಬರ್ತೀರಿ?

ವಾರಕ್ಕೊಮ್ಮೆ ತಾಲ್ಲೂಕು ಕೇಂದ್ರದ ಹೋಟೆಲ್‌ನಲ್ಲಿ ಸೇವಾ ಕ್ಲಬ್ಬಿನ ಸಭೆ. ಊಟ, ಭಾಷಣ, ಶಾಲು, ಹಾರ. ಸಂಜೆಗೆ ನಮ್ಮ ವಾಟ್ಸಾಪ್‌ಗೆ ಪ್ರಕಟಣೆ, ಫೋಟೊ. ಊಟದ ಬಗ್ಗೆ ನಮ್ಮ ತಕರಾರಿಲ್ಲ. ಅವರ ದುಡ್ಡು, ಅವರು ಉಣ್ಣಲಿ. ತಕರಾರಿರುವುದು ಫೋಟೊ ತೆಗೆದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ.

ನಮ್ಮೂರುಗಳಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆ. ಒಂದು ಕನ್ನಡಕ ಕೊಡಲು ಎಂಟು ಕೈ, ನಡುವೆ ಅಜ್ಜಿ, ಹಿಂದೆ ಫ್ಲೆಕ್ಸ್. ಪೊರೆ ತೆಗೆಸಿಕೊಂಡವರು ವಾರಗಟ್ಟಲೆ ಕಣ್ಣಿಗೆ ಹನಿ ಹಾಕಿಕೊಳ್ಳಬೇಕು, ಮತ್ತೆ ಡಾಕ್ಟರಿಗೆ ತೋರಿಸಬೇಕು. ಅವತ್ತು ಕರೆದುಕೊಂಡು ಹೋಗುವವರು ಯಾರು? ಬಸ್ ಚಾರ್ಜ್ ಯಾರದು? ಪ್ರಕಟಣೆಯಲ್ಲಿ ಈ ಸಾಲು ಇರುವುದೇ ಇಲ್ಲ.

ಮಾಡಲು ಬರುವುದಿಲ್ಲ ಎನ್ನುವಂತಿಲ್ಲ. 1905ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ರೋಟರಿ, 1985ರಿಂದ ಪೋಲಿಯೊ ಬೆನ್ನು ಹತ್ತಿತು. 2014ರಲ್ಲಿ ಭಾರತ ಪೋಲಿಯೊಮುಕ್ತ ಎಂದು ಘೋಷಣೆಯಾಯಿತು. ಅದು ಒಂದು ದಿನದ ಶಿಬಿರದಿಂದ ಆಗಿದ್ದಲ್ಲ. ಸರ್ಕಾರ ಲಸಿಕೆ ಹಾಕಿಸಿತು, ರೋಟರಿಯಂಥವರು ಕೈಜೋಡಿಸಿದರು, ಆಶಾ, ಅಂಗನವಾಡಿ ಅಕ್ಕಂದಿರು ಮನೆಮನೆಗೆ ಮತ್ತೆ ಮತ್ತೆ ಹೋಗಿ, ತಪ್ಪಿಹೋದ ಮಗುವನ್ನು ಹುಡುಕಿ ಹನಿ ಹಾಕಿದರು.

ಶಿಬಿರಕ್ಕೆ ಶಾಲೆ ಜಗಲಿ ಕೇಳಿದರೆ ಕೊಡಿ. ಜೊತೆಗೆ ಮೂರು ಮಾತು ಕೇಳಿ: ಎರಡನೇ ಸಲ ಯಾವ ತಾರೀಖು ಬರ್ತೀರಿ? ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಹೋಗಿಬರುವ ಖರ್ಚು ಯಾರದು? ಉತ್ತರ ಬರೆಸಿ ಪಂಚಾಯ್ತಿ ಬೋರ್ಡಿಗೆ ಅಂಟಿಸಿ.

ಕ್ಲಬ್ಬಿನವರೇ, ಎರಡನೇ ಸಲ ಬಂದ ದಿನ ನಮಗೆ ಹೇಳಿ. ಆ ಸುದ್ದಿಯನ್ನು ನಾವೇ ಬಂದು ಬರೆಯುತ್ತೇವೆ.