ಕೈ ಕೆಸರು ಇವನದು, ಬಾಯಿ ಮೊಸರು ಅವನದು

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಮ್ಮ ಕಚೇರಿಗಳಲ್ಲಿ ಮಾತ್ರ ಕೈ ಒಬ್ಬನದು, ಬಾಯಿ ಇನ್ನೊಬ್ಬನದು. ಸುರಿಯುವ ಮಳೆಯಲ್ಲಿ ಕಂಬ ಹತ್ತಿ ಕರೆಂಟು ಕೊಟ್ಟವನು ಲೈನ್‌ಮನ್. ಮಾರನೇ ದಿನ ಮೀಟಿಂಗಿನಲ್ಲಿ "ರಾತ್ರೋರಾತ್ರಿ ಸರಿಪಡಿಸಿದೆವು ಸಾರ್" ಎಂದು ಶಹಭಾಸ್ ಪಡೆಯುವವರು ಆ ಹೊತ್ತಿಗೆ ಮನೆಯಲ್ಲಿ ಹೊದ್ದು ಮಲಗಿದ್ದವರು. ಲೈನ್‌ಮನ್‌ನನ್ನು ಕೇಳಿದರೆ, "ನಮ್ಮ ಕೆಲಸ ನಾವೇ ಹೇಳ್ಕೋಬಾರದು" ಅಂತಾನೆ.

ಯಾಕೆ ಹೇಳಬಾರದು? ಮಾಡದ್ದನ್ನು ಹೇಳಿದರೆ ಬಡಾಯಿ. ಮಾಡಿದ್ದನ್ನು ಹೇಳಿದರೆ ಲೆಕ್ಕ. ಪೇಟೆಯ ಯಾವ ಅಂಗಡಿಯವರು ಉದ್ರಿ ಕೊಟ್ಟು ಖಾತೆಗೆ ಬರೆಯದೆ ಬಿಡುತ್ತಾರೆ? ಗಿರಾಕಿ ತಾನಾಗಿಯೇ ನೆನಪಿಟ್ಟು ಕೊಡ್ತಾನೆ ಅಂತ ಕೂತರೆ ಅಂಗಡಿಗೆ ಬೀಗವೇ ಗತಿ.

ಕೆಲವು ಕೆಲಸಗಳಂತೂ ಚೆನ್ನಾಗಿ ಮಾಡಿದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಹಳ್ಳಕ್ಕೆ ಬಿದ್ದ ಬಸ್ಸು ಪೇಪರಿನಲ್ಲಿ ಬರುತ್ತದೆ, ನೆಟ್ಟಗೆ ಊರು ಮುಟ್ಟಿದ ಬಸ್ಸು ಬರೋದಿಲ್ಲ. ಕೆ.ಎಸ್.ಆರ್.ಟಿ.ಸಿ. ಇದನ್ನು ಅರಿತಿದೆ. ಐದು ವರ್ಷ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿ ಪದಕ ಕೊಡುತ್ತದೆ. ಏನೂ ಆಗಲಿಲ್ಲ ಎಂಬುದೂ ಅಲ್ಲಿ ಸಾಧನೆಯೇ. ಆದರೆ ನೀರು ಬಿಡುವವನ, ಚರಂಡಿ ಬಳಿಯುವವರ, ಅಂಗಡಿ ಗುಮಾಸ್ತನ ಲೆಕ್ಕ ಇಡುವವರು ಯಾರು? ಅವರೇ ಇಟ್ಟುಕೊಳ್ಳಬೇಕು.

ಅದಕ್ಕೆ ಇಂಗ್ಲಿಷೂ ಬೇಡ, ಭಾಷಣವೂ ಬೇಡ. ಜೇಬಿನಲ್ಲೊಂದು ಚಿಕ್ಕ ನೋಟ್‌ಬುಕ್ ಸಾಕು. ಯಾವ ದಿನ, ಏನು ಕೆಟ್ಟಿತ್ತು, ಏನು ಮಾಡಿದೆ, ಏನಾಯಿತು: ನಾಲ್ಕೇ ಮಾತು. "ತುಂಬಾ ಕಷ್ಟಪಟ್ಟೆ ಸಾರ್" ಎಂದರೆ ಯಾರ ಕಿವಿಗೂ ಹೋಗುವುದಿಲ್ಲ. "ಮಂಗಳವಾರ ಸಂತೆಬೀದಿ ವಾಲ್ವ್ ಒಡೆದಿತ್ತು, ನಾವು ಮೂವರು ರಾತ್ರಿಯೇ ಬದಲಿಸಿದೆವು, ಬೆಳಗ್ಗೆ ಆರಕ್ಕೆ ನೀರು ಬಂತು" ಎಂದರೆ ಸಾಹೇಬರು ತಲೆ ಎತ್ತುತ್ತಾರೆ. ಜೊತೆಗಿದ್ದವರ ಹೆಸರನ್ನೂ ಹೇಳಬೇಕು. ಇಲ್ಲದಿದ್ದರೆ ಇವನೂ ಇನ್ನೊಬ್ಬರ ಮೊಸರು ತಿಂದಂತೆ.

ಇದು ಬರೀ ಶಹಭಾಸ್‌ಗಿರಿಯ ಮಾತಲ್ಲ, ಅನ್ನದ ಮಾತು. 2006ರಲ್ಲಿ ಕರ್ನಾಟಕದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಹಳ ವರ್ಷ ದುಡಿದ ಮಾತ್ರಕ್ಕೆ ದಿನಗೂಲಿಯವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಅರ್ಹತೆಯಿದ್ದು, ಮಂಜೂರಾದ ಖಾಲಿ ಹುದ್ದೆಯಲ್ಲಿ, ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಮಾತ್ರ ಒಂದು ಬಾರಿಗೆ ಪರಿಗಣಿಸಲು ಹೇಳಿತು. ಹತ್ತು ವರ್ಷ ಎಂದು ಬೆವರು ಸಾಕ್ಷಿ ಹೇಳೀತೇ? ಕಾಗದವೇ ಹೇಳಬೇಕು. ಆದ್ದರಿಂದ ದೊಡ್ಡ ಕೆಲಸವಾದಾಗ ಬಾಯಲ್ಲಿ ಹೇಳಿ ಸುಮ್ಮನಾಗದೆ, ನಾಲ್ಕು ಸಾಲು ಬರೆದು ಕೊಟ್ಟು, ನಕಲಿಗೆ ಕಚೇರಿಯ ಸೀಲು ಹಾಕಿಸಿಕೊಳ್ಳುವುದು ಜಾಣತನ.

ಸಾಹೇಬರಿಗೂ ಒಂದು ಮಾತು. ವರದಿ ಓದಿದವರ ಬೆನ್ನು ತಟ್ಟುವ ಮುನ್ನ, "ಕೆಲಸ ಮಾಡಿದವರು ಯಾರ್ರೀ?" ಅಂತ ಒಮ್ಮೆ ಕೇಳಿ ನೋಡಲಿ. ಅದಕ್ಕೆ ಸರ್ಕಾರದ ಮಂಜೂರಾತಿಯೇನೂ ಬೇಕಿಲ್ಲ.